ಮಗ್ಗದ ಸದ್ದಿಗೂ ಏಳದ ಕೂಸು

ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಅವಳಿನ್ನೂ ತೊಟ್ಟಿಲಲ್ಲಿದ್ದಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ತಾಯಿಯಿಂದ ಮುಚ್ಚಿಟ್ಟೆ. ಮುಚ್ಚಿಟ್ಟದ್ದಷ್ಟೇ ಆಗಿದ್ದರೆ — ಇಲ್ಲ, ಅಷ್ಟೇ ಅಲ್ಲ. ಮುಂದೆ ಇದಕ್ಕೆಲ್ಲ ತಾಯಿಯೇ ಕಾರಣ ಎಂದು ಓಣಿಯವರು ಮಾತಾಡಿದಾಗ, ಕಡೆಗೆ ಅವಳೂ ಅದನ್ನೇ ನಂಬಿಕೊಂಡಾಗ, ನಾನು ಅವಳ ಪಕ್ಕದಲ್ಲೇ ಕೂತು ಸುಮ್ಮನಿದ್ದೆ. ವರ್ಷಗಟ್ಟಲೆ ಸುಮ್ಮನಿದ್ದೆ. ಒಂದೇ ತಾಟಿನ ರೊಟ್ಟಿ ಮುರಿದು ತಿನ್ನುತ್ತ ಸುಮ್ಮನಿದ್ದೆ.

ನಾನು ಬನಹಟ್ಟಿಯ ನೇಕಾರ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಮಗ್ಗ, ಹಿಂದೆ ಅಡುಗೆಮನೆ, ನಡುವೆ ನಾವು. ನನ್ನ ಹೆಂಡತಿ ಶಾಂತಾ ಬೀಳಗಿ ತಾಲ್ಲೂಕಿನ ನದಿದಂಡೆಯ ಊರಿನವಳು. ಆ ಊರು ಈಗ ಅಣೆಕಟ್ಟಿನ ಹಿನ್ನೀರಿನ ಕೆಳಗಿದೆ. ನಮ್ಮ ಮದುವೆಯ ಹೊತ್ತಿಗಾಗಲೇ ಅಲ್ಲಿಯ ಮನೆಗಳ ಗೋಡೆಯ ಮೇಲೆ ಸರಕಾರದವರು ನಂಬರು ಬರೆದು ಹೋಗಿದ್ದರು. ಮುಳುಗುವ ಮೊದಲು ಮಗಳನ್ನು ಅದೇ ಹೊಸ್ತಿಲಿನಿಂದ ಕಳಿಸಿಕೊಡಬೇಕೆಂದು ನಮ್ಮ ಮಾವನಿಗೆ ಆತುರ. ಆ ಆತುರದಲ್ಲಿ ಹೆಚ್ಚು ವಿಚಾರಿಸಲಿಲ್ಲ. ಒಂದು ಮಾತು ಮಾತ್ರ ಕೇಳಿದರು — "ಬೀಗತಿ, ಮನಿತನದಾಗ ಏನರೆ ಬ್ಯಾನಿ-ಬ್ಯಾಸರಿಕಿ, ಅಂಥಾದ್ದೇನೂ ಇಲ್ಲಲ್ರಿ?"

"ನಮ್ಮ ಮನಿ ತೊಳದಿಟ್ಟ ಕನ್ನಡಿ ಇದ್ದಂಗ ಐತ್ರಿ," ಎಂದಳು ನಮ್ಮವ್ವ. ನಾನು ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದೆ.

ಕನ್ನಡಿಯ ಹಿಂದೆ ಒಬ್ಬ ಇದ್ದ. ನಮ್ಮಪ್ಪನ ತಮ್ಮ, ಸಂಗಪ್ಪ ಕಾಕಾ. ಹುಟ್ಟಿನಿಂದ ಕಿವಿ ಕೇಳಿಸದವನು, ಮಾತು ಬಾರದವನು. ಅಪ್ಪ ಇರುವ ತನಕ ರಬಕವಿಯಲ್ಲಿ ನಮ್ಮ ಜೊತೆಯೇ ಇದ್ದ, ಕೈಮಗ್ಗಕ್ಕೆ ನೂಲು ಸುತ್ತಿ ಕೊಡುತ್ತಿದ್ದ. ಅಪ್ಪನೂ ಅವನೂ ಕೈಸನ್ನೆಯಲ್ಲೇ ಗಂಟೆಗಟ್ಟಲೆ ಹರಟೆ ಹೊಡೆದು ನಗುತ್ತಿದ್ದರು. ಅಪ್ಪ ಸತ್ತ ಮೇಲೆ ಅವ್ವ ನಮ್ಮನ್ನು ಕಟ್ಟಿಕೊಂಡು ಬನಹಟ್ಟಿಗೆ ಬಂದಳು; ಕಾಕಾನನ್ನು ಚಿಮ್ಮಡದಲ್ಲಿ ತನ್ನ ಅಣ್ಣನ ಹೊಲಕ್ಕೆ ಕಳಿಸಿದಳು. "ಮನ್ಯಾಗ ಮೂಗ ಇದ್ರ ನಾಳೆ ನಿಮಗ ಹೆಣ್ಣ ಯಾರ ಕೊಡ್ತಾರ?" ಎಂದಿದ್ದಳು. ಅವನ ಗಂಟು ಹೊತ್ತು ಬಸ್ಸು ಹತ್ತಿಸಿದವನು ನಾನೇ. ನನ್ನ ತಮ್ಮ ಮಹಾದೇವ ಆಗಿನ್ನೂ ಅಂಬೆಗಾಲಿಡುವ ಕೂಸು. ಅವನಿಗೆ ಏನೂ ನೆನಪಿಲ್ಲ. ಅಂದಿನಿಂದ ಕಾಕಾ ನಮ್ಮ ಬಾಯಲ್ಲಿ "ಸೋದರಮಾವನ ಹೊಲದಾಗಿನ ಆಳು" ಆದ.

ಶಾಂತಾ ಬಸುರಿಯಾಗಿದ್ದಾಗ, ಐದನೆಯ ತಿಂಗಳಲ್ಲಿ, ತವರಿನ ಮನೆ ನೀರಿಗೆ ಬೀಳುವ ಸುದ್ದಿ ಬಂತು. ಹಟ ಹಿಡಿದು ಹೋದಳು. ಅಂಗಳಕ್ಕೆ ಆಗಲೇ ನೀರು ನುಗ್ಗಿತ್ತಂತೆ. ಮೊಣಕಾಲು ನೀರಿನಲ್ಲಿ, ಮಳೆಯಲ್ಲಿ ನಿಂತು ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಬಂದಳು. ಬಂದ ಮೇಲೆ ನಾಲ್ಕಾರು ದಿನ ಜ್ವರ ಬಂತು, ಹೋಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ — ಆ ಜ್ವರವನ್ನೇ ಮುಂದೆ ನಾನು ಬಳಸಿಕೊಂಡೆ.

ಸಂಕ್ರಮಣ ಕಳೆದ ಮೇಲೆ ಭಾರತಿ ಹುಟ್ಟಿದಳು. ತವರಿನವರು ಪುನರ್ವಸತಿ ಕೇಂದ್ರದ ತಗಡಿನ ಶೆಡ್ಡಿನಲ್ಲಿದ್ದರು; ಅಲ್ಲಿ ಬಾಣಂತನ ಹೇಗೆ ಮಾಡುವುದು? ಶಿವರಾತ್ರಿ ಮುಗಿಯುತ್ತಿದ್ದಂತೆ ತಾಯಿ ಮಗಳನ್ನು ಅಲ್ಲಿಂದ ಬನಹಟ್ಟಿಗೆ ಕರೆದುಕೊಂಡು ಬಂದೆ.

ಆ ವಸಂತದ ಬಗ್ಗೆ ಬರೆಯಲು ನನಗೆ ಹಕ್ಕಿಲ್ಲ. ಆದರೂ ಅದು ನನ್ನ ಬಾಳಿನ ಎಲ್ಲಕ್ಕಿಂತ ಸುಖದ ಕಾಲ ಎಂಬುದು ಖರೆ, ಅದನ್ನು ಹೇಳದಿದ್ದರೆ ಇದು ಅರ್ಧ ಸುಳ್ಳಾಗುತ್ತದೆ. ಓಣಿಯ ಬೇವಿನ ಮರ ಹೂಬಿಟ್ಟು ಮನೆಯೊಳಗೆಲ್ಲ ಅದರ ವಾಸನೆ. ಬೆಳಿಗ್ಗೆ ಅವ್ವ ಕೂಸಿಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಂಡು ಎರೆಯುವಳು, ಶಾಂತಾ ಲೋಬಾನದ ಹೊಗೆ ಹಿಡಿಯುವಳು. ಮಹಾದೇವ ಸಾಲಿ ಬಿಟ್ಟೊಡನೆ ಓಡಿ ಬಂದು ತೊಟ್ಟಿಲ ಮುಂದೆ ಕೂರುವನು. ತೊಟ್ಟಿಲು ಮಗ್ಗದ ಕೋಣೆಗೆ ತಾಗಿಯೇ ಇತ್ತು. ಎರಡೂ ಮಗ್ಗ ಖಟ್ ಖಟ್ ಎಂದು ಹೊಡೆಯುತ್ತಿದ್ದರೂ ಭಾರತಿ ಹಾಯಾಗಿ ನಿದ್ದೆ ಮಾಡುವಳು. ಕರೆಂಟು ಹೋಗಿ ಬಂದು ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದಾಗ ಅಕ್ಕಪಕ್ಕದ ಕೂಸುಗಳು ಕಿಟ್ಟನೆ ಕಿರುಚುತ್ತಿದ್ದವು. ನಮ್ಮದು ಕಣ್ಣು ಸಹ ಮಿಟುಕಿಸುತ್ತಿರಲಿಲ್ಲ.

"ನೇಕಾರ್ರ ಮಗಳಂದ್ರ ಹಿಂಗಿರಬೇಕ ನೋಡ್ರಿ," ಎಂದು ಶಾಂತಾ ಬಂದವರಿಗೆಲ್ಲ ಹೇಳುವಳು. ಎಷ್ಟು ಹೆಮ್ಮೆ ಅವಳಿಗೆ!

ಹೋಳಿಯ ದಿನ ಕೂಸನ್ನು ಎತ್ತಿಕೊಂಡು ಕಟ್ಟೆಯ ಮೇಲೆ ನಿಂತಿದ್ದೆ. ಹುಡುಗರು ಹಲಗಿ ಬಾರಿಸುತ್ತ ಬಂದು ನಮ್ಮ ಬಾಗಿಲ ಮುಂದೆಯೇ ನಿಂತರು. ಎದೆ ನಡುಗುವ ಸದ್ದು. ಎದುರು ಮನೆಯ ಕೂಸು ಹೆದರಿ ನೀಲಿಗಟ್ಟಿ ಅತ್ತಿತು. ಭಾರತಿ ನನ್ನ ಅಂಗಿಯ ಮೇಲೆ ಬಿದ್ದ ಕೆಂಪು ಬಣ್ಣವನ್ನು ನೋಡುತ್ತಿದ್ದಳು. ಹಲಗಿಯ ಕಡೆ ತಿರುಗಲೇ ಇಲ್ಲ. ನನಗೆ ತಟ್ಟನೆ ಸಂಗಪ್ಪ ಕಾಕಾನ ಬೆನ್ನು ನೆನಪಾಯಿತು — ಹಿಂದಿನಿಂದ ಎಷ್ಟು ಕೂಗಿದರೂ ತಿರುಗದ ಆ ಬೆನ್ನು. ಒಳಗೆ ಹೋಗಿ, ಯಾರೂ ಇಲ್ಲದಾಗ, ಅವಳ ತಲೆಯ ಹಿಂದೆ ಹಿತ್ತಾಳೆಯ ತಾಟನ್ನು ಕೈಬಿಟ್ಟೆ.

ಅವಳು ತನ್ನ ಬೆರಳುಗಳನ್ನು ನೋಡಿಕೊಂಡು ನಗುತ್ತಿದ್ದಳು.

ಅವ್ವನಿಗೆ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ಎರೆಯುವಾಗಲೇ ಅವಳಿಗೆ ಅನುಮಾನ ಬಂದಿತ್ತೇನೋ. ಬಾಗಿಲು ಮುಂದಕ್ಕೆಳೆದು ಅಂದಳು: "ಬಾಯಿ ಮುಚ್ಕೊಂಡ ಇರ್. ಆಕಿ ತವರಿಗೆ ಗೊತ್ತಾತಂದ್ರ ಮೋಸ ಮಾಡಿ ಲಗ್ನಾ ಮಾಡ್ಕೊಂಡ್ರಿ ಅಂತಾರ. ಸಣ್ಣಾಂವಂದು ಮುಂದ ಲಗ್ನ ಆಗೂದೈತಿ. ದೇವರು ಇಟ್ಟಂಗ ಆಗಲಿ."

ನಾನು ಬಾಯಿ ಮುಚ್ಚಿಕೊಂಡೆ. ಅವ್ವ ಹೇಳಿದಳೆಂದು ಮುಚ್ಚಿಕೊಂಡೆ ಅಂದರೆ ಅದೂ ಪೂರ್ತಿ ಖರೆ ಅಲ್ಲ. ಆ ದಿನಗಳ ಸುಖ ಕೆಡುವುದು ನನಗೇ ಬೇಡವಾಗಿತ್ತು. ಯುಗಾದಿ ಬಂತು. ಬಿಸಿಲು ಇಳಿದ ಮೇಲೆ ಮಾಳಿಗೆಯ ಮೇಲೆ ಚಾಪೆ ಹಾಸಿ ಕೂರುತ್ತಿದ್ದೆವು. ಶಾಂತಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಜೋಗುಳ ಹಾಡುವಳು, ತನ್ನ ಮುಳುಗಿದ ಊರಿನ ಹಾಡುಗಳು. ಕೂಸು ಅವಳ ತುಟಿಗಳು ಆಡುವುದನ್ನು ನೋಡಿ ಕೇಕೆ ಹಾಕುವುದು. "ನೋಡ್ರಿ, ಹಾಡಂದ್ರ ಎಷ್ಟ ಖುಷಿ ಇದಕ್ಕ," ಎನ್ನುವಳು. ನಾನು ಹೂಂಗುಟ್ಟುತ್ತಿದ್ದೆ. ಒಳಗೆ ಎಲ್ಲ ಗೊತ್ತಿದ್ದವನು, ಆ ನಗು ನೋಡುತ್ತ, ಆ ಗಾಳಿಯಲ್ಲಿ, ಅವಳ ಪಕ್ಕದಲ್ಲಿ — ಸುಖವಾಗಿಯೇ ಇದ್ದೆ. ಇದೇ ನನ್ನನ್ನು ಈಗ ಹೆಚ್ಚು ಸುಡುವುದು.

ಆದರೆ ತಾಯಿಯ ಕಣ್ಣು ಎಷ್ಟು ದಿನ ತಪ್ಪೀತು? ಕೂಸು ಕೂರುವಂತಾದಾಗ ಒಂದು ಸಂಜೆ ಕೇಳಿದಳು: "ರೀ, ಕರದ್ರ ತಿರಗೂದಿಲ್ಲ ಇದು. ಇದಕ್ಕ ಕಿವಿ ಕೇಳಸತೈತಿಲ್ಲೋ?" ಭಾರತಿ ಹಗ್ಗ ಹೆಣೆದ ಹೊರಸಿನ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದಳು. ನಾನು ಹತ್ತಿರ ಹೋಗಿ ಜೋರಾಗಿ ಚಪ್ಪಾಳೆ ತಟ್ಟಿದೆ — ತಟ್ಟುವಾಗಲೇ ಮೊಣಕಾಲಿನಿಂದ ಹೊರಸನ್ನು ದೂಡಿದೆ. ಅಲುಗಾಡಿದ್ದಕ್ಕೆ ಕೂಸು ತಿರುಗಿತು. ಶಾಂತಾ ಓಡಿ ಬಂದು ಎತ್ತಿಕೊಂಡು, ಅಳುತ್ತ ನಗುತ್ತ, "ನಾ ಹುಚ್ಚಿ, ಸುಮ್ಮನ ಹೆದರಿದ್ನಿ," ಎಂದಳು. ಅವಳ ಕಣ್ಣೀರು ನನ್ನ ಭುಜಕ್ಕೆ ತಾಗಿತು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಇನ್ನೊಂದು ಇದೆ. ಇದನ್ನು ಬರೆಯಲು ಕೈ ಏಳುತ್ತಿಲ್ಲ. ಮರುವರ್ಷ ಎಳ್ಳ ಅಮಾಸಿಗೆ ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಎಲ್ಲರೂ ಚಿಮ್ಮಡದ ಹೊಲಕ್ಕೆ ಹೋಗಿದ್ದೆವು. ಕಾಕಾ ಅಲ್ಲಿದ್ದ, ಕೂದಲು ಬೆಳ್ಳಗಾಗಿತ್ತು. ಶಾಂತಾ ಅವನನ್ನು ಆಳು ಎಂದೇ ತಿಳಿದು, ನಾವು ಕೂತ ಮರದಿಂದ ಆಚೆ ಎಲೆ ಹಾಕಿ ಬಡಿಸಿದಳು. ಅವನು ಏನೂ ತೋರಗೊಡದೆ ಉಂಡ. ಊಟವಾದ ಮೇಲೆ ನೋಡುತ್ತೇನೆ — ಭಾರತಿ ತಪ್ಪು ಹೆಜ್ಜೆ ಇಡುತ್ತ ಅವನ ಹತ್ತಿರ ಹೋಗಿದ್ದಾಳೆ. ಅವನು ಮೊಣಕಾಲೂರಿ ಕೂತು ಜೋಳದ ತೆನೆಯ ಮೇಲಿನ ಹಕ್ಕಿಯನ್ನು ತೋರಿಸಿ, ಎರಡು ಬೆರಳುಗಳನ್ನು ಕೊಕ್ಕಿನಂತೆ ಕೂಡಿಸಿ ಬಿಡಿಸಿದ. ಮತ್ತೆ ಹಕ್ಕಿ, ಮತ್ತೆ ಬೆರಳು. ನನ್ನ ಮಗಳು ತನ್ನ ಪುಟ್ಟ ಬೆರಳುಗಳನ್ನು ಎತ್ತಿ ಹಾಗೆಯೇ ಮಾಡಿದಳು. ಮಾಡಿ, ಹಕ್ಕಿಯ ಕಡೆ ಕೈ ಚಾಚಿದಳು.

ಅದು ಅವಳ ಮೊದಲ ಮಾತು. ಕಾಕಾ ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೆಲ್ಲ ಗೊತ್ತಾಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ತನ್ನ ಎದೆ ತಟ್ಟಿಕೊಂಡು ಕೂಸನ್ನು ತೋರಿಸಿದ — ನನ್ನ ಹತ್ತಿರ ಬಿಡು, ನಾನಿದ್ದೇನೆ, ಅಂತಲೋ ಏನೋ. ದೂರದಿಂದ ಶಾಂತಾ ಬರುತ್ತಿದ್ದಳು. ನಾನು ಮಗಳನ್ನು ಕಸಿದುಕೊಂಡು ಎತ್ತಿ ನಡೆದುಬಿಟ್ಟೆ. ಅವಳು ಭುಜದ ಮೇಲಿಂದ ಅವನ ಕಡೆ ಕೈ ಚಾಚಿ ಅಳುತ್ತಿದ್ದಳು. ಆ ಮೇಲೆ ಅವಳನ್ನು ಚಿಮ್ಮಡಕ್ಕೆ ಕರೆದೊಯ್ಯಲೇ ಇಲ್ಲ. ಕೆಲವು ವರ್ಷಗಳ ಮೇಲೆ ಕಾಕಾ ಸತ್ತ. ಮಣ್ಣಿಗೆ ನಾನೊಬ್ಬನೇ ಹೋಗಿ ಬಂದೆ. ಎಲ್ಲಿಗೆ ಹೋಗಿದ್ದಿರಿ ಎಂದು ಶಾಂತಾ ಕೇಳಿದರೆ, ನೂಲು ತರಲು ಎಂದೆ.

ಭಾರತಿಗೆ ಮೂರು ತುಂಬುವ ಹೊತ್ತಿಗೂ ಮಾತು ಬರಲಿಲ್ಲ. ಶಾಂತಾ ಇನ್ನು ನನ್ನ ಮಾತು ಕೇಳಲಿಲ್ಲ; ಜಮಖಂಡಿಗೆ ಡಾಕ್ಟರ ಹತ್ತಿರ ಹೊರಟುನಿಂತಳು. ನಾನೂ ಹೋದೆ. ಅವರು ಪರೀಕ್ಷೆ ಮಾಡಿಸಿ, ಹುಟ್ಟಿನಿಂದಲೇ ಕೇಳಿಸಿಲ್ಲ, ಬಹಳ ತಡವಾಗಿ ಬಂದಿರಿ ಎಂದರು. "ನಿಮ್ಮ ವಂಶದಾಗ ಯಾರಿಗರೆ ಹಿಂಗ ಇತ್ತೇನ್ರಿ?" ಎಂದು ಕೇಳಿದರು.

"ಇಲ್ರಿ," ಎಂದೆ.

"ಬಸುರಿದ್ದಾಗ ಏನರೆ ಜಡ್ಡು, ಜ್ವರ?"

ಶಾಂತಾಳ ಮುಖ ಬಿಳಿಚಿಕೊಂಡಿತು. ಹೊಸ್ತಿಲಿಗೆ ಅರಿಸಿನ ಹಚ್ಚಲು ಹೋದದ್ದು, ನೀರಲ್ಲಿ ನಿಂತದ್ದು, ಜ್ವರ ಬಂದದ್ದು — ಎಲ್ಲವನ್ನೂ ಹೇಳಿದಳು. ಅದೂ ಇರಬಹುದು, ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. "ಇರಬಹುದು" ಎಂಬ ಆ ಒಂದು ಮಾತು ಸಾಕಾಯಿತು. ಮನೆಗೆ ಬರುವ ಹೊತ್ತಿಗೆ ಅದು ತೀರ್ಪಾಗಿತ್ತು. "ಬಸುರಾಗ ಹೊಳಿ ನೀರಾಗ ನಿಂತ್ಲು, ಕೂಸಿನ ಕಿವಿ ಕಳದ್ಲು," ಎಂದು ಅವ್ವ ಓಣಿಯಲ್ಲಿ ಹೇಳಿದಳು. ಶಾಂತಾ ಅದನ್ನೇ ಒಪ್ಪಿಕೊಂಡಳು. ಸತ್ತ ಊರಿನ ಮೇಲೆ ಪ್ರೀತಿ ಇಟ್ಟದ್ದೇ ತನ್ನ ಪಾಪ ಎಂದು ನಂಬಿದಳು. ಬೀಳಗಿಯ ಕಡೆ ಬಸ್ಸಿನಲ್ಲಿ ಹೋಗುವಾಗ ಹಿನ್ನೀರು ಕಾಣಿಸಿದರೆ ಸೆರಗು ಮುಖಕ್ಕೆಳೆದುಕೊಳ್ಳುವಳು. ಹಾಡುವುದನ್ನು ಬಿಟ್ಟಳು. ಇನ್ನೊಂದು ಕೂಸಿನ ಮಾತು ಬಂದಾಗ, "ನನ್ನ ಹೊಟ್ಟಿ ಛಲೋ ಇಲ್ರಿ, ಬ್ಯಾಡ," ಎಂದಳು. ಅವಳು ಬೇಡ ಎಂದದ್ದಕ್ಕೆ ನನಗೆ ಒಳಗೊಳಗೇ ನಿರಾಳವಾಯಿತು. ಇನ್ನೊಂದು ಕೂಸೂ ಹಾಗೆಯೇ ಹುಟ್ಟಿದ್ದರೆ ನನ್ನ ಸುಳ್ಳು ನಿಲ್ಲುತ್ತಿರಲಿಲ್ಲವಲ್ಲ.

ಭಾರತಿಯನ್ನು ಏಳು ವರ್ಷಕ್ಕೆ ದೂರದೂರಿನ ಕಿವುಡ ಮಕ್ಕಳ ವಸತಿಶಾಲೆಗೆ ಸೇರಿಸಿದೆವು. ಅಲ್ಲಿ ಕೈಮಾತು ಕಲಿತಳು. ರಜೆಗೆ ಬಂದಾಗ ಶಾಂತಾ ಅವಳಿಂದ ಕಲಿತಳು. ತಾಯಿ ಮಗಳು ಅಡುಗೆಮನೆಯಲ್ಲಿ ಕೂತು ಕೈಯಾಡಿಸುತ್ತ ನಗುವುದು ನನಗೆ ಮಗ್ಗದ ಕೋಣೆಯಿಂದ ಕಾಣುತ್ತಿತ್ತು. ನಾನು ಕಲಿಯಲಿಲ್ಲ. ಊಟ, ನೀರು, ಬಾ, ಹೋಗು — ಇಷ್ಟೇ. ಆ ಕೈಗಳನ್ನು ನೋಡಿದರೆ ಕಾಕಾನ ಕೈ ನೆನಪಾಗುತ್ತಿತ್ತು.

ಅವ್ವ ತೀರಿಕೊಂಡಳು. ಮಹಾದೇವನ ಮದುವೆಯಾಯಿತು; ಅವನ ಹೆಂಡತಿ ರೂಪಾ ಗಂಡು ಹಡೆದಳು. ಮತ್ತೆ ಮನೆಯಲ್ಲಿ ತೊಟ್ಟಿಲು, ಲೋಬಾನ, ಬೇವಿನ ಹೂವು. ಶಾಂತಾ ಆ ಕೂಸನ್ನು ಎತ್ತಿಕೊಳ್ಳಲು ಸಹ ಅಂಜುತ್ತಿದ್ದಳು, ತನ್ನ ಕೈ ತಾಗಿದರೆ ಏನಾದರೂ ಆದೀತೆಂದು. ಅದು ನಿದ್ದೆ ಮಾಡುವ ರೀತಿ ನೋಡಿ ನನಗೆ ಮತ್ತೆ ಅದೇ ಅನುಮಾನ ಬಂತು. ಮಗ್ಗ ನಡೆದೇ ಇತ್ತು.

ಲಸಿಕೆ ಹಾಕಿಸಲು ಜಮಖಂಡಿಗೆ ನಾವೆಲ್ಲ ಹೋದಾಗ, ಮಕ್ಕಳ ಡಾಕ್ಟರಮ್ಮ ಕೂಸನ್ನು ಆಡಿಸುತ್ತ, ಏನೋ ಅನುಮಾನವಾಗಿ, ಅದೇ ಪ್ರಶ್ನೆ ಕೇಳಿದರು. ಮನೆತನದಲ್ಲಿ ಯಾರಿಗಾದರೂ ಕಿವಿ ಕೇಳಿಸುವುದಿಲ್ಲವೇ? ಮಹಾದೇವ, ರೂಪಾ ಒಬ್ಬರನ್ನೊಬ್ಬರು ನೋಡಿದರು. ಶಾಂತಾ ಮುಂದೆ ಬಂದಳು.

"ಇವರ ವಂಶದಾಗ ಯಾರಿಗೂ ಇಲ್ರಿ ಬಾಯಾರ. ನನ್ನ ಮಗಳಿಗೆ ಕೇಳಸೂದಿಲ್ಲ — ಅದು ನನ್ನ ತಪ್ಪಿಂದ ಆಗಿದ್ದು. ಈ ಕೂಸಿಗೂ ಅದಕ್ಕೂ ಸಂಬಂಧ ಇಲ್ರಿ."

ಅವಳ ದನಿಯಲ್ಲಿ ಅಳುಕಿರಲಿಲ್ಲ. ದಿನಾ ಹೇಳಿ ರೂಢಿಯಾದ ಮಾತಿನಂತಿತ್ತು. ಡಾಕ್ಟರಮ್ಮ ಸರಿ ಎಂಬಂತೆ ತಲೆಯಾಡಿಸಿದರು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ರೂಪಾಳ ತೊಡೆಯ ಮೇಲಿನ ಕೂಸು ನನ್ನನ್ನೇ ನೋಡುತ್ತಿತ್ತು.

"ಐತ್ರಿ," ಎಂದೆ. "ನಮ್ಮ ವಂಶದಾಗ ಐತಿ. ನಮ್ಮ ಕಾಕಾ ಹುಟ್ಟಾ ಕಿವುಡ ಇದ್ದ. ನನ್ನ ಮಗಳಿಗೂ ಅಲ್ಲಿಂದನ ಬಂದೈತಿ ಅಂತ ಕಾಣತೈತ್ರಿ. ನನಗ ಮೊದಲಿಂದ ಗೊತ್ತಿತ್ತು."

ಡಾಕ್ಟರಮ್ಮ ಕೂಸಿನ ಪರೀಕ್ಷೆಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಶಾಂತಾ ಕಿಟಕಿಯ ಹತ್ತಿರ ಕೂತಳು, ನಾನು ಪಕ್ಕದಲ್ಲಿ. ಬಹಳ ದೂರ ಬಂದ ಮೇಲೆ ಕೇಳಿದಳು: "ಚಿಮ್ಮಡದ ಹೊಲದಾಗಿದ್ದಾಂವ?"

"ಹೂಂ."

"ಅಂವಗ ನಾ ದೂರ ಎಲಿ ಹಾಕಿದ್ನಿ."

ಮೊದಲು ಅವಳಿಗೆ ನೋವಾದದ್ದು ಅದಕ್ಕೆ. ತನ್ನ ಬಗ್ಗೆ ಆ ಮೇಲೆ ಕೇಳಿದಳು. "ಮತ್ತ ನನ್ನ ಜ್ವರಾ?" ನಾನು ಹೋಳಿಯ ಹಲಗಿಯಿಂದ ಹಿಡಿದು ಹೊರಸಿನ ತನಕ ಎಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೇಳಿದಳು. ಬೈದಿದ್ದರೆ... ಇಲ್ಲ, ಅದನ್ನು ಬಯಸುವುದೂ ನನ್ನ ಅನುಕೂಲಕ್ಕೇ.

ಮರುದಿನ ಭಾರತಿಯನ್ನು ಕರೆದುಕೊಂಡು ತನ್ನ ಅಣ್ಣನ ಮನೆಗೆ ಹೋದಳು. ಮಳೆಗಾಲ ಮುಗಿಯುವ ತನಕ ಬರಲಿಲ್ಲ. ಬಂದಳು, ಆದರೆ ನನಗಾಗಿ ಬರಲಿಲ್ಲ. ಮಹಾದೇವನ ಕೂಸಿಗಾಗಿ ಬಂದಳು. ಅದರ ಕಿವಿಯೂ ಬಹಳ ಮಂದ ಎಂದು ಗೊತ್ತಾಗಿ, ಬೇಗನೆ ಕಿವಿಗೆ ಮಷೀನು ಹಾಕಿಸಿದ್ದರು. ಶಾಂತಾ ದಿನವಿಡೀ ಅದರ ಮುಂದೆ ಕೂತು ಮಾತಾಡಿದಳು, ಬಿಟ್ಟ ಹಾಡುಗಳನ್ನು ಮತ್ತೆ ಹಾಡಿದಳು. ಈಗ ಆ ಹುಡುಗ ತೊದಲಿ ತೊದಲಿ ಮಾತಾಡುತ್ತಾನೆ. ಮಗ್ಗದ ಕೋಣೆಯ ಬಾಗಿಲಿಗೆ ಬಂದು "ದೊಡ್ಡಪ್ಪಾ" ಎಂದು ಕೂಗುತ್ತಾನೆ. ಅವನು ಕೂಗಿದಾಗಲೆಲ್ಲ ಸಂತೋಷವಾಗುತ್ತದೆ. ಮರುಗಳಿಗೆಯೇ, ಭಾರತಿಗೂ ಇಷ್ಟಾದರೂ ಸಿಗುತ್ತಿತ್ತಲ್ಲ ಎಂದು — ಆ ಯೋಚನೆಯನ್ನು ಮುಗಿಸಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಶಾಂತಾ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾಳೆ. ಊಟಕ್ಕೆ ಕರೆಯುತ್ತಾಳೆ, ನೂಲು ಬಂತೇ ಎಂದು ಕೇಳುತ್ತಾಳೆ.

ಭಾರತಿಗೆ ಇನ್ನೂ ಹೇಳಿಲ್ಲ. ಈಗ ದೊಡ್ಡವಳಾಗಿದ್ದಾಳೆ, ಸೀರೆಗೆ ಕುಚ್ಚು ಕಟ್ಟುತ್ತಾಳೆ, ಓಣಿಯಲ್ಲಿ ಅವಳಷ್ಟು ಚೆಂದ ಯಾರೂ ಕಟ್ಟುವುದಿಲ್ಲ. ಬಸ್ಸಿನ ಬೋರ್ಡು ಓದುತ್ತಾಳೆ, ಹೆಸರು ಬರೆಯುತ್ತಾಳೆ, ಬಿಡಿ ಬಿಡಿ ಶಬ್ದಗಳು ಗೊತ್ತು. ಆದರೆ ಹೀಗೆ ಸಾಲುಸಾಲಾಗಿ ಬರೆದದ್ದನ್ನು ಅವಳಿಗೆ ಕೂಡಿಸಿ ಓದಲು ಬರುವುದಿಲ್ಲ. ಶಾಲೆಯಲ್ಲಿ ಕಲಿಸುವ ಬಾಯಾರು ಒಮ್ಮೆ ನನಗೆ ಹೇಳಿದ್ದರು: "ಏಳು ವರ್ಷದ ತನಕ ಈ ಹುಡುಗಿಗೆ ಯಾವ ಮಾತೂ ಸಿಕ್ಕಿಲ್ರಿ. ಬಾಯಿದೂ ಇಲ್ಲ, ಕೈದೂ ಇಲ್ಲ. ಆ ಜಾಗಾ ಪೂರಾ ತುಂಬೂದಿಲ್ಲ." ಹೀಗಾಗಿ ನಾನು ಇಲ್ಲಿ ಬರೆದದ್ದನ್ನು ಯಾರು ಬೇಕಾದರೂ ಓದಬಹುದು, ನನ್ನ ಮಗಳೊಬ್ಬಳನ್ನು ಬಿಟ್ಟು. ಅವಳಿಗೆ ಓದಲಾಗದಂತೆ ಮಾಡಿದವನು ನಾನು.

ನೀನೇ ಅವಳಿಗೆ ತಿಳಿಸಿ ಹೇಳು ಎಂದು ಶಾಂತಾಳನ್ನು ಕೇಳಿಕೊಂಡೆ. ಅವಳು ಕುಚ್ಚಿನ ದಾರದಿಂದ ತಲೆಯೆತ್ತದೆ ಅಂದಳು: "ನನ್ನ ಕೈಲೆ ಹೇಳಸಬ್ಯಾಡ್ರಿ. ನಿಮ್ಮ ಕೈಲೆ ಹೇಳ್ರಿ."

ಆದ್ದರಿಂದ ಈಗ ಸಂಜೆ ಮಗ್ಗ ನಿಲ್ಲಿಸಿ ಭಾರತಿಯ ಮುಂದೆ ಕೂರುತ್ತೇನೆ. ಅಪ್ಪನಿಗೆ ಕಡೆಗೂ ತನ್ನೊಡನೆ ಮಾತಾಡುವ ಮನಸ್ಸಾಯಿತು ಎಂದು ಅವಳಿಗೆ ಬಹಳ ಖುಷಿ. ನೂಲೆಳೆದು ಬಿರುಸಾದ ನನ್ನ ಬೆರಳುಗಳನ್ನು ಹಿಡಿದು, ಹೀಗಲ್ಲ ಹೀಗೆ ಎಂದು ತಿದ್ದುತ್ತಾಳೆ. ಯಾತಕ್ಕಾಗಿ ಕಲಿಯುತ್ತಿದ್ದೇನೆಂದು ಅವಳಿಗೆ ಗೊತ್ತಿಲ್ಲ. ನಿನ್ನೆ ಅಂಗೈಯ ಮೇಲೆ ಬೆರಳಿನಿಂದ "ಸುಳ್ಳು" ಎಂದು ಬರೆದು, ಇದನ್ನು ಹೇಗೆ ಹೇಳುವುದು ಎಂದು ಕೇಳಿದೆ. ತೋರಿಸಿದಳು. ನಾನು ಮಾಡಿದೆ, ಸರಿಯಾಗಿ ಬಂತು. ಯಾರು ಸುಳ್ಳು ಹೇಳಿದರು ಎಂದು ನಗುತ್ತ ಕೈಯಲ್ಲೇ ಕೇಳಿದಳು.

ನಾನು ಬೆರಳನ್ನು ನನ್ನ ಎದೆಯ ಮೇಲಿಟ್ಟೆ.

ಅವಳು ತಮಾಷೆಯೆಂದು ತಿಳಿದು ಇನ್ನೂ ನಕ್ಕಳು. ಮುಂದಿನ ಮಾತುಗಳನ್ನು ನಾನಿನ್ನೂ ಕಲಿಯಬೇಕು.